ಡ್ರಮ್ಮಿನ ತಳದಲ್ಲಿ ಏನಿದೆ? ಅಪಾಯಕಾರಿ ತ್ಯಾಜ್ಯ ಉರುವಲಾಗುವ ಬಗೆ

ಈ ಗಾಜಿನ ಕೊಳವೆ ನೋಡಿ. ಒಂದು ಮೀಟರಿಗಿಂತ ಸ್ವಲ್ಪ ಉದ್ದ, ಕಿರುಬೆರಳು ತೂರುವಷ್ಟು ಅಗಲ. ಎರಡೂ ತುದಿಗೆ ಬಾಯಿ ಇದೆ. ಅಷ್ಟೇ, ಇದರಲ್ಲಿ ಇನ್ನೇನೂ ಇಲ್ಲ. ನಮ್ಮ ಲ್ಯಾಬಿನಲ್ಲಿ ಇದರ ಸಾವಿರ ಪಟ್ಟು ಬೆಲೆಯ ಯಂತ್ರಗಳಿವೆ. ಆದರೂ ಎಲ್ಲ ಬಿಟ್ಟು ಒಂದನ್ನೇ ಇಟ್ಟುಕೋ ಅಂದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ. ಯಾಕೆ ಅಂತ ಹೇಳಬೇಕಾದರೆ ನನ್ನದೇ ಒಂದು ತಪ್ಪಿನ ಕತೆ ಹೇಳಬೇಕು.

ಕಾರ್ಖಾನೆಗಳ ತ್ಯಾಜ್ಯವನ್ನು ಬೆರೆಸಿ, ಸಿಮೆಂಟ್ ಕಿಲ್ನಿಗೆ (ಸಿಮೆಂಟಿನ ಕಲ್ಲು ಸುಡುವ ಕುಲುಮೆಗೆ) ಉರುವಲು ಮಾಡಿ ಕಳಿಸೋದು ನಮ್ಮ ಘಟಕದ ಕೆಲಸ. ಅಲ್ಲಿಗೆ ಒಮ್ಮೆ 200 ಲೀಟರಿನ ಒಂದಷ್ಟು ಡ್ರಮ್ಮುಗಳು ಬಂದಿದ್ದವು. ಮೇಲೆ 'ಬಳಸಿದ ಸಾಲ್ವೆಂಟ್' ಅಂತ ಚೀಟಿ. ಸಾಲ್ವೆಂಟ್ ಅಂದರೆ ಬೇರೆ ವಸ್ತುವನ್ನು ಕರಗಿಸಿಕೊಳ್ಳುವ ದ್ರವ. ಔಷಧಿ ತಯಾರಿಸುವ ಕಾರ್ಖಾನೆಯ ಮಾಲು. ನಾನು ಕೆಲಸಕ್ಕೆ ಸೇರಿ ಇನ್ನೂ ವರ್ಷ ಆಗಿರಲಿಲ್ಲ. ಮುಚ್ಚಳ ತಿರುಗಿಸಿದೆ, ಮೇಲಿನಿಂದ ಒಂದು ಲೋಟದಷ್ಟು ತೆಗೆದೆ, ಲ್ಯಾಬಿಗೆ ಕೊಟ್ಟೆ. ರಿಪೋರ್ಟ್ ಬಂತು: ಕಿಲೋಗೆ ಹತ್ತಿರ ಹತ್ತಿರ 10,000 ಕಿಲೋಕ್ಯಾಲರಿ. ಸಾಮಾನ್ಯ ಕಲ್ಲಿದ್ದಲಲ್ಲಿ 5,000ದಿಂದ 6,000 ಸಿಗುತ್ತದೆ. ಅಂದರೆ ಇದು ಕಲ್ಲಿದ್ದಲಿಗಿಂತ ಎಷ್ಟೋ ಮೇಲು! ಕ್ಲೋರಿನ್ ಅಂತೂ ಲೆಕ್ಕಕ್ಕೇ ಇಲ್ಲ. ಖುಷಿಯಿಂದ ಸಹಿ ಹಾಕಿದೆ.

ಎರಡು ದಿನ ಬಿಟ್ಟು ಸಿಮೆಂಟ್ ಕಿಲ್ನಿನವರಿಂದ ಫೋನ್. 'ಏನ್ರೀ ಕಳಿಸಿದ್ದೀರಿ? ಜ್ವಾಲೆ ಕೆಮ್ಮುತ್ತಾ ಇದೆ.' ಹೌದು, ಅವರು ಹಾಗೇ ಹೇಳೋದು. ಬರ್ನರಿನ ಉರಿ ಒಂದು ಸಲ ಜೋರಾಗಿ, ಇನ್ನೊಂದು ಸಲ ಕುಗ್ಗಿ, ಕೊನೆಗೆ ನಮ್ಮ ಲೈನನ್ನೇ ಬಂದ್ ಮಾಡಿದ್ದರು.

ನಮ್ಮ ಹಿರಿಯರೊಬ್ಬರು ಏನೂ ಮಾತಾಡಲಿಲ್ಲ. ಅದೇ ಲಾಟಿನಲ್ಲಿ ಉಳಿದಿದ್ದ ಒಂದು ಡ್ರಮ್ಮಿನ ಹತ್ತಿರ ನನ್ನನ್ನು ಕರೆದುಕೊಂಡು ಹೋದರು. ಇಂಥದ್ದೇ ಕೊಳವೆಯನ್ನು ನಿಧಾನಕ್ಕೆ, ತಳ ಮುಟ್ಟುವವರೆಗೂ ಇಳಿಸಿದರು. ಮೇಲಿನ ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು (ಗ್ಲೌಸ್ ಹಾಕಿಕೊಂಡು, ಗಾಬರಿ ಬೇಡ) ಎತ್ತಿದರು. ಕೊಳವೆಯಲ್ಲಿ ಮೂರು ಪಟ್ಟಿ! ಮೇಲೆ ತೆಳು ಹಳದಿ. ನಡುವೆ ಕದಡಿದ ನೀರು. ತಳದಲ್ಲಿ ಕಂದು ಬಣ್ಣದ, ಸ್ವಲ್ಪ ಭಾರವಾಗಿ ಅಲುಗಾಡುವ ಇನ್ನೊಂದು ದ್ರವ.

ಮೇಲಿದ್ದದ್ದು ಟಾಲ್ಯೂಯಿನ್. ನೀರಿಗಿಂತ ಹಗುರ, ಸಾಂದ್ರತೆ 0.87. ತಳದಲ್ಲಿದ್ದದ್ದು ಡೈಕ್ಲೋರೋಮೀಥೇನ್. ನೀರಿಗಿಂತ ಭಾರ, 1.33. ಅದರ ತೂಕದಲ್ಲಿ ನೂರಕ್ಕೆ 83 ಪಾಲು ಬರೀ ಕ್ಲೋರಿನ್. ಈ ಎರಡೂ ಒಂದಕ್ಕೊಂದು ತಾಗಿದರೆ ಬೆರೆತುಹೋಗುತ್ತವೆ, ನಡುವಿನ ನೀರು ಅವನ್ನು ಬೇರೆಯಾಗಿ ಇಟ್ಟಿತ್ತು ಅಷ್ಟೇ. ನಾನು ಮೇಲಿನ ಪಟ್ಟಿಯನ್ನು ಮಾತ್ರ ಪರೀಕ್ಷೆ ಮಾಡಿಸಿ ಇಡೀ ಡ್ರಮ್ಮಿಗೆ ಪಾಸ್ ಕೊಟ್ಟಿದ್ದೆ. ಡ್ರಮ್ಮುಗಳನ್ನು ಟ್ಯಾಂಕಿಗೆ ಸುರಿದರು. ರಾತ್ರಿ ಅಲ್ಲಿನ ಕಲಕುವ ಯಂತ್ರ ನಿಂತಿತ್ತು. ಟ್ಯಾಂಕಿನಲ್ಲಿ ಸಾಲ್ವೆಂಟುಗಳು ಒಂದಾಗಿ ತಳಕ್ಕೆ, ನೀರು ಅದರ ಮೇಲೆ, ಹೀಗೆ ಪದರ ಕೂತಿತು. ಪಂಪು ಎಳೆಯೋದು ಎಲ್ಲಿಂದ? ತಳದಿಂದ. ಮೊದಲು ಕ್ಲೋರಿನ್ ಹೋಯಿತು, ಆಮೇಲೆ ನೀರು ಹೋಯಿತು. ಉರಿ ಕೆಮ್ಮದೆ ಇನ್ನೇನು ಮಾಡೀತು?

ಇವತ್ತಿನ ನನ್ನ ಮಾತೆಲ್ಲ ಈ ಕೊಳವೆಯ ಸುತ್ತವೇ ಇದೆ. ತ್ಯಾಜ್ಯವನ್ನು ಸುಡೋದು ಕಷ್ಟ ಅಲ್ಲ. ಅದರಲ್ಲಿ ಏನಿದೆ ಅಂತ ತಿಳಿಯೋದು, ದಿನವೂ ಒಂದೇ ಥರ ಇರುವ ಹಾಗೆ ಮಾಡೋದು, ಅದು ಕಷ್ಟ.

ಮೊದಲು, ಅಪಾಯಕಾರಿ ತ್ಯಾಜ್ಯ ಅಂದರೆ ಯಾವುದು? ಹೊತ್ತಿ ಉರಿಯುವುದು, ವಿಷಕಾರಿ, ಲೋಹ ಚರ್ಮ ತಿನ್ನುವಂಥದ್ದು, ಬೇರೆ ವಸ್ತು ತಾಗಿದರೆ ರೇಗುವಂಥದ್ದು. ಇದರಲ್ಲಿ ಎಲ್ಲವೂ ಉರುವಲಾಗೋದಿಲ್ಲ. ಉರುವಲಾಗುವ ಪೈಕಿ ದೊಡ್ಡ ಪಾಲು ಇವು: ಬಟ್ಟಿ ಇಳಿಸಿದ ಮೇಲೆ ಪಾತ್ರೆಯ ತಳದಲ್ಲಿ ಉಳಿಯುವ ಡಾಂಬರಿನಂಥ ಗಷ್ಟು, ಪೇಂಟ್ ಕೆಸರು, ತೈಲದ ಟ್ಯಾಂಕುಗಳ ತಳದ ಕೆಸರು, ಬಣ್ಣ ತೆಗೆಯಲು ಬಳಸಿ ಬಿಸಾಕಿದ ಕಾರ್ಬನ್ ಪುಡಿ, ಎಣ್ಣೆ ಹೀರಿದ ಕಾಟನ್ ವೇಸ್ಟ್, ರಾಸಾಯನಿಕ ಮೆತ್ತಿದ ಗ್ಲೌಸು, ಚೀಲ. ಇವೆಲ್ಲದರ ಒಳಗೆ ಇಂಗಾಲ ಇದೆ, ಹೈಡ್ರೋಜನ್ ಇದೆ. ಅಂದರೆ ಶಾಖ ಇದೆ.

ಬೇಡವೇ ಬೇಡ ಅನ್ನುವ ಪಟ್ಟಿಯೂ ಇದೆ. ಕಲ್ನಾರು, ವಿಕಿರಣ ಸೂಸುವ ವಸ್ತು, ಸಿಡಿಯುವಂಥದ್ದು, ಇಡೀ ಬ್ಯಾಟರಿ, ಆಸ್ಪತ್ರೆಯ ಸೋಂಕಿನ ಕಸ, ಗಂಧಕಾಮ್ಲದಂಥ ಖನಿಜ ಆಮ್ಲಗಳು. ಇನ್ನೊಂದನ್ನು ನಾನು ಎಲ್ಲದಕ್ಕಿಂತ ಮೇಲೆ ಬರೆಯುತ್ತೇನೆ: ಏನು ಅಂತ ಗೊತ್ತಿಲ್ಲದ್ದು. ಚೀಟಿ ಕಿತ್ತುಹೋದ ಡ್ರಮ್ ಬಂದರೆ ನಾವು ಗೇಟಿನ ಒಳಗೇ ಬಿಡೋದಿಲ್ಲ.

ಸುಡೋಕೆ ಮೊದಲು ಇನ್ನೊಂದು ಪ್ರಶ್ನೆ ಕೇಳಬೇಕು. ಇದನ್ನು ಸುಡಲೇಬೇಕಾ? ಟಾಲ್ಯೂಯಿನ್ ಉದಾಹರಣೆಯನ್ನೇ ತಗೊಳ್ಳಿ. ಸುಟ್ಟರೆ ಒಂದೇ ಸಲ ಶಾಖ ಕೊಟ್ಟು ಮುಗಿಯುತ್ತದೆ. ಬಟ್ಟಿ ಇಳಿಸಿ ಶುದ್ಧ ಮಾಡಿದರೆ ಅದೇ ಕಾರ್ಖಾನೆಯಲ್ಲಿ ಮತ್ತೆ ಮತ್ತೆ ಬಳಸಬಹುದು. ಬಳಸಿದ ಎಂಜಿನ್ ಆಯಿಲ್ ಕೂಡ ಹಾಗೇ. ನಿರ್ವಾತದಲ್ಲಿ ಬಟ್ಟಿ ಇಳಿಸಿ, ಹೈಡ್ರೋಜನ್ ಹಾಯಿಸಿ, ಮತ್ತೆ ಲೂಬ್ರಿಕೆಂಟ್ ಮಾಡಬಹುದು. ಅಪಾಯಕಾರಿ ತ್ಯಾಜ್ಯದ ಸಾಗಣೆ ಬಗ್ಗೆ 1989ರಲ್ಲಿ ಆದ ಬಾಸೆಲ್ ಒಪ್ಪಂದದಲ್ಲಿ 'ಇಂಧನವಾಗಿ ಬಳಕೆ' ಅನ್ನೋದನ್ನು ಮರುಪಡೆಯುವ ಕೆಲಸಗಳ ಪಟ್ಟಿಯಲ್ಲಿ ಇಟ್ಟಿದ್ದಾರೆ. ಆ ಮರ್ಯಾದೆ ಸಿಕ್ಕಿತು ಅಂತ ಎಲ್ಲವನ್ನೂ ಬೆಂಕಿಗೆ ಹಾಕೋದಲ್ಲ. ಬೇರೆ ದಾರಿ ಮುಗಿದ ಮೇಲೆ ಉಳಿಯುವುದಕ್ಕೆ ಇದು ದಾರಿ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಅಮೆರಿಕದ ಮಿಸೌರಿ ರಾಜ್ಯದಲ್ಲಿ ಟೈಮ್ಸ್ ಬೀಚ್ ಅಂತ ಒಂದು ಊರಿತ್ತು. ಸುಮಾರು 2,000 ಜನ. ರಸ್ತೆಗಳು ಮಣ್ಣಿನವು, ಧೂಳೋ ಧೂಳು. 1970ರ ದಶಕದಲ್ಲಿ ಧೂಳು ಕೂರಲಿ ಅಂತ ಒಬ್ಬ ಗುತ್ತಿಗೆದಾರನಿಗೆ ಹೇಳಿ ಹಳೆ ಎಣ್ಣೆ ಹೊಡೆಸಿದರು. ಆತ ಬೇರೆ ಕಡೆಯಿಂದ ಒಂದು ರಾಸಾಯನಿಕ ಘಟಕದ ಗಷ್ಟನ್ನೂ ಎತ್ತಿದ್ದ. ಅದನ್ನು ಹಳೆ ಎಣ್ಣೆಗೇ ಬೆರೆಸಿಬಿಟ್ಟಿದ್ದ. ಅದರಲ್ಲಿ ಡಯಾಕ್ಸಿನ್ ಅನ್ನುವ ಘೋರ ವಿಷ ಇತ್ತು. ಆ ರಾಜ್ಯದಲ್ಲಿ ಅದೇ ಎಣ್ಣೆ ಹೊಡೆದಿದ್ದ ಕುದುರೆ ಲಾಯಗಳಲ್ಲಿ 1971ರಲ್ಲೇ ಹಕ್ಕಿಗಳು ಸತ್ತು ಬಿದ್ದಿದ್ದವು, ಕುದುರೆಗಳು ಸತ್ತಿದ್ದವು. ಊರಿನ ಮಣ್ಣು ಪರೀಕ್ಷೆ ಆಗಿ ವಿಷಯ ಹೊರಗೆ ಬಂದದ್ದು 1982ರ ಕೊನೆಗೆ. ಮರುವರ್ಷ ಸರ್ಕಾರ ಇಡೀ ಊರನ್ನೇ ಕೊಂಡು ಜನರನ್ನು ಖಾಲಿ ಮಾಡಿಸಿತು. ಕೊನೆಗೆ 1996-97ರಲ್ಲಿ ಅಲ್ಲೇ ಕುಲುಮೆ ಕಟ್ಟಿ ಆ ಮಣ್ಣನ್ನು ಸುಟ್ಟರು. ಈಗ ಅಲ್ಲಿ ಪಾರ್ಕ್ ಇದೆ.

ಗಮನಿಸಿ, ಹಳೆ ಎಣ್ಣೆ ಒಂದೇ ಇದ್ದಿದ್ದರೆ ಊರು ಉಳಿಯುತ್ತಿತ್ತು. ಎರಡು ಡ್ರಮ್ ಒಂದಾದಾಗ ಕೆಟ್ಟಿತು. ಯಾರೂ ತಳದವರೆಗೆ ನೋಡಿರಲಿಲ್ಲ.

ಸರಿ, ಲೆಕ್ಕಕ್ಕೆ ಬರೋಣ. ಉರುವಲು ಅಂತ ಕರೆಯಬೇಕಾದರೆ ಅದು ಶಾಖ ಕೊಡಬೇಕು, ಅಲ್ವಾ? ಶಾಖವನ್ನು ಜಾಸ್ತಿ ತಿಂದುಹಾಕೋದು ನೀರು. ಒಂದು ಕೆಸರು ಇದೆ ಅಂದುಕೊಳ್ಳಿ. ಪೂರ್ತಿ ಒಣಗಿದರೆ ಕಿಲೋಗೆ 3,000 ಕಿಲೋಕ್ಯಾಲರಿ. ಆದರೆ ಬರುವಾಗ ನೂರಕ್ಕೆ 70 ಪಾಲು ನೀರು. ಒಂದು ಕಿಲೋ ಹಸಿ ಕೆಸರಲ್ಲಿ ಒಣ ಭಾಗ 300 ಗ್ರಾಂ, ಅದರಿಂದ 900 ಕಿಲೋಕ್ಯಾಲರಿ. ಉಳಿದ 700 ಗ್ರಾಂ ನೀರನ್ನು ಕಾಯಿಸಿ ಆವಿ ಮಾಡೋಕೆ ಕಿಲೋಗೆ ಸುಮಾರು 600ರಂತೆ 420 ಬೇಕು. ಕೈಗೆ ಬಂದದ್ದು 480. ಆ ಆವಿಯನ್ನು ಇನ್ನೂ ಬಿಸಿ ಮಾಡೋಕೆ ಹೋಗುವ ಶಾಖ ಇದರಲ್ಲಿ ಸೇರಿಲ್ಲ.

ಅದೇ ಕೆಸರನ್ನು ಒತ್ತಿ, ಗಾಳಿಗೆ ಆರಿಸಿ ನೀರನ್ನು 40 ಪಾಲಿಗೆ ಇಳಿಸಿ. ಒಂದು ಟನ್ ಇದ್ದದ್ದು ಅರ್ಧ ಟನ್ ಆಗುತ್ತದೆ. ಈಗ ಕಿಲೋಗೆ 1,800ರಲ್ಲಿ 240 ಕಳೆದು 1,560. ಒಟ್ಟು ಲೆಕ್ಕ ಹಾಕಿ: ಮೊದಲು ಒಂದು ಟನ್ನಿನಿಂದ 4,80,000 ಕಿಲೋಕ್ಯಾಲರಿ ಸಿಗುತ್ತಿತ್ತು. ಈಗ ಅರ್ಧ ಟನ್ನಿನಿಂದಲೇ 7,80,000. ಲಾರಿಯ ಹೊರೆ ಅರ್ಧ ಆಯಿತು, ಶಾಖ ಒಂದೂವರೆ ಪಟ್ಟು ದಾಟಿತು. ಏನೂ ಮಾಯ ಇಲ್ಲ, ನೀರು ಹೊರಗೆ ಹೋಯಿತು ಅಷ್ಟೇ. ಆದರೆ ಸಾಲ್ವೆಂಟ್ ಇರುವ ಕೆಸರನ್ನು ಸುಮ್ನೆ ಬಯಲಲ್ಲಿ ಆರಿಸೋ ಹಾಗಿಲ್ಲ. ನೀರಿನ ಜೊತೆ ವಿಷವೂ ಗಾಳಿಗೆ ಹೋಗುತ್ತದೆ. ಅಂಥದ್ದಕ್ಕೆ ಮುಚ್ಚಿದ ಡ್ರೈಯರ್, ಆವಿ ಹಿಡಿಯುವ ವ್ಯವಸ್ಥೆ ಬೇಕು.

ಇನ್ನು ಈ ಉರುವಲನ್ನು ಎಲ್ಲಿ ಉರಿಸೋದು? ಹೆಚ್ಚಾಗಿ ಸಿಮೆಂಟ್ ಕಿಲ್ನಿನಲ್ಲಿ. ಯಾಕೆ ಸಿಮೆಂಟು ಅನ್ನೋದು ನನಗೆ ಬಹಳ ಇಷ್ಟವಾದ ಭಾಗ, ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಕಿಲ್ನ್ ಅಂದರೆ ಮಲಗಿಸಿದ ಉಕ್ಕಿನ ಕೊಳವೆ. ಈಗಿನವು ಸಾಮಾನ್ಯವಾಗಿ 60-80 ಮೀಟರ್ ಉದ್ದ, ಒಳಗೆ ಲಾರಿ ಓಡಿಸಬಹುದಾದಷ್ಟು ಅಗಲ. ಒಳಗೋಡೆಗೆ ಬೆಂಕಿ ತಡೆಯುವ ಇಟ್ಟಿಗೆ. ಸ್ವಲ್ಪ ಇಳಿಜಾರಾಗಿ ಇಟ್ಟಿರುತ್ತಾರೆ. ನಿಮಿಷಕ್ಕೆ ಮೂರೋ ನಾಲ್ಕೋ ಸುತ್ತು, ನಿಧಾನಕ್ಕೆ ತಿರುಗುತ್ತಾ ಇರುತ್ತದೆ. ಮೇಲಿನ ತುದಿಯಿಂದ ಸುಣ್ಣಕಲ್ಲು, ಜೇಡಿಮಣ್ಣಿನ ಪುಡಿ ಬರುತ್ತದೆ. ಕೆಳಗಿನ ತುದಿಯಿಂದ ಜ್ವಾಲೆ. ಪುಡಿ ಕೆಳಗೆ ಇಳಿಯುತ್ತದೆ, ಬಿಸಿ ಗಾಳಿ ಮೇಲೆ ಹೋಗುತ್ತದೆ. ಎರಡೂ ಎದುರುಬದುರು.

ಕಲ್ಲು ಕ್ಲಿಂಕರ್ (ಅರೆದರೆ ಸಿಮೆಂಟ್ ಆಗುವ ಗಟ್ಟಿ ಉಂಡೆ) ಆಗಬೇಕಾದರೆ 1450 ಡಿಗ್ರಿ ಸೆಲ್ಸಿಯಸ್ ಬೇಕು. ಜ್ವಾಲೆ 2000 ಡಿಗ್ರಿಯ ಹತ್ತಿರ ಇರುತ್ತದೆ. ಅನಿಲಗಳು 1200 ಡಿಗ್ರಿಗಿಂತ ಮೇಲೆ ಐದಾರು ಸೆಕೆಂಡು ಇರುತ್ತವೆ. ಐದು ಸೆಕೆಂಡು ಏನು ಮಹಾ ಅನ್ನಬೇಡಿ. ಅಪಾಯಕಾರಿ ತ್ಯಾಜ್ಯ ಸುಡುವ ಇನ್ಸಿನರೇಟರಿಗೆ ಐರೋಪ್ಯ ನಿಯಮ ಕೇಳೋದು 850 ಡಿಗ್ರಿ, 2 ಸೆಕೆಂಡು. ಕ್ಲೋರಿನ್‌ನಂಥವು ನೂರಕ್ಕೆ ಒಂದಕ್ಕಿಂತ ಜಾಸ್ತಿ ಇದ್ದರೆ 1100 ಡಿಗ್ರಿ. ಸಿಮೆಂಟ್ ಕಿಲ್ನ್ ತನ್ನ ಕೆಲಸಕ್ಕಾಗಿಯೇ ಅದನ್ನು ದಾಟಿರುತ್ತದೆ. ನಮಗಾಗಿ ಹೊಸದಾಗಿ ಬೆಂಕಿ ಹಚ್ಚೋದಿಲ್ಲ. ಹೇಗೂ ಉರಿಯುತ್ತಿರುವ ಬೆಂಕಿ ಅದು.

ಎರಡನೆಯ ಲಾಭ ಸುಣ್ಣ. ಕ್ಲೋರಿನ್, ಗಂಧಕ ಸುಟ್ಟರೆ ಆಮ್ಲದ ಅನಿಲ ಬರುತ್ತದೆ. ಇನ್ಸಿನರೇಟರಿನಲ್ಲಿ ಅದನ್ನು ಹಿಡಿಯೋಕೆ ಸುಣ್ಣದ ಹಾಲು ಸಿಂಪಡಿಸುತ್ತಾರೆ. ಇಲ್ಲಿ ಇಡೀ ಕಿಲ್ನೇ ಸುಣ್ಣದಿಂದ ತುಂಬಿದೆ. ಆಮ್ಲ ಎಲ್ಲಿಗೆ ತಪ್ಪಿಸಿಕೊಂಡು ಹೋದೀತು?

ಮೂರನೆಯದು ಬೂದಿ. ಇನ್ಸಿನರೇಟರಿನಲ್ಲಿ ಸುಟ್ಟ ಮೇಲೂ ಬೂದಿ ಉಳಿಯುತ್ತದೆ, ಅದನ್ನು ಮತ್ತೆ ಎಲ್ಲಾದರೂ ಹೂಳಬೇಕು. ಕಿಲ್ನಿನಲ್ಲಿ ಬೂದಿಯ ಸಿಲಿಕಾ, ಅಲ್ಯೂಮಿನಾ, ಕಬ್ಬಿಣ ಎಲ್ಲ ಕ್ಲಿಂಕರಿನ ಒಳಗೇ ಸೇರಿಹೋಗುತ್ತವೆ. ಅವು ಸಿಮೆಂಟಿಗೆ ಬೇಕಾದ ಸಾಮಾನುಗಳೇ.

ಇದು ನಿನ್ನೆ ಮೊನ್ನೆಯ ಯೋಚನೆ ಅಲ್ಲ. ಕೆನಡಾದ ಮಿಸಿಸಾಗಾದಲ್ಲಿ 1970ರ ದಶಕದ ನಡುವೆಯೇ ಒಂದು ಸಿಮೆಂಟ್ ಘಟಕದಲ್ಲಿ ಕ್ಲೋರಿನ್ ತುಂಬಿದ ತ್ಯಾಜ್ಯ ಸುಟ್ಟು ನೋಡಿದ್ದರು. ನಾರ್ವೆಯ ಬ್ರೆವಿಕ್‌ನಲ್ಲಿ ಸಿಮೆಂಟ್ ಕಿಲ್ನೇ ಆ ದೇಶದ ಅಪಾಯಕಾರಿ ತ್ಯಾಜ್ಯಕ್ಕೆ ಒಂದು ಮುಖ್ಯ ದಾರಿ.

ಹಾಗಾದರೆ ಕಿಲ್ನ್ ಅಂದರೆ ಏನು ಕೊಟ್ಟರೂ ನುಂಗುವ ರಾಕ್ಷಸ ಅಂತ ಅಂದುಕೊಂಡಿರಾ? ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಅದಕ್ಕಿಂತ ನಾಜೂಕಿನ ಪ್ರಾಣಿ ಇನ್ನೊಂದಿಲ್ಲ.

ಕ್ಲೋರಿನ್ ನೋಡಿ. ಕಲ್ಲಿನ ಪುಡಿಯಲ್ಲಿ ಸ್ವಲ್ಪ ಪೊಟ್ಯಾಶಿಯಂ, ಸೋಡಿಯಂ ಇರುತ್ತದೆ. ಕ್ಲೋರಿನ್ ಅವುಗಳ ಜೊತೆ ಸೇರಿ ಉಪ್ಪಾಗುತ್ತದೆ. ಜ್ವಾಲೆಯ ಹತ್ತಿರ ಆ ಉಪ್ಪು ಆವಿಯಾಗಿ ಗಾಳಿಯ ಜೊತೆ ಮೇಲೆ ಹೋಗುತ್ತದೆ. ಮೇಲೆ, ಪುಡಿಯನ್ನು ಮೊದಲೇ ಕಾಯಿಸುವ ಪ್ರೀಹೀಟರ್ ಗೋಪುರ ಸ್ವಲ್ಪ ತಣ್ಣಗಿದೆ. ತಣ್ಣಗೆ ಅಂದರೆ 700-800 ಡಿಗ್ರಿ! ಅಲ್ಲಿ ಉಪ್ಪು ಮತ್ತೆ ದ್ರವವಾಗಿ ಗೋಡೆಗೆ ಅಂಟುತ್ತದೆ. ಅದರ ಮೇಲೆ ಪುಡಿ ಕೂರುತ್ತದೆ. ಪುಡಿಯ ಜೊತೆ ಕೆಳಗೆ ಬಂದದ್ದು ಮತ್ತೆ ಆವಿ, ಮತ್ತೆ ಮೇಲೆ. ಸುತ್ತುತ್ತಾ ಸುತ್ತುತ್ತಾ ಹೆಚ್ಚುತ್ತದೆ. ಒಂದು ದಿನ ಗೋಪುರದ ಸೈಕ್ಲೋನಿನ (ಗಾಳಿಯಿಂದ ಪುಡಿ ಬೇರೆ ಮಾಡುವ ಆಲಿಕೆಯ) ಗಂಟಲು ಕಟ್ಟುತ್ತದೆ. ಆಗ ಅದನ್ನು ಬಿಡಿಸೋಕೆ ಜನ ಹೋಗಬೇಕು. ಕಿಂಡಿ ತೆಗೆದು ಗಾಳಿಯ ಸಲಾಕೆ ತೂರಿಸುತ್ತಾರೆ. ಕಟ್ಟಿದ್ದು ಒಮ್ಮೆಲೇ ಬಿಟ್ಟುಕೊಂಡರೆ ನೂರಾರು ಡಿಗ್ರಿಯ ಪುಡಿ ನೀರಿನಂತೆ ನುಗ್ಗುತ್ತದೆ. ಅದರಿಂದ ಮೈ ಸುಟ್ಟುಕೊಂಡವರಿದ್ದಾರೆ. ನಾನು ಅವತ್ತು ತಳ ನೋಡದೆ ಹಾಕಿದ ಸಹಿ ಅಂಥ ಕಿಂಡಿಯ ಮುಂದೆ ಯಾರನ್ನೋ ನಿಲ್ಲಿಸಬಹುದಿತ್ತು. ಅದು ಅರ್ಥ ಆಗೋಕೆ ನನಗೆ ಒಂದೆರಡು ವರ್ಷ ಬೇಕಾಯಿತು.

ಪಾದರಸದ ಕತೆ ಬೇರೆ. 357 ಡಿಗ್ರಿಗೇ ಕುದಿಯುತ್ತದೆ. ಕ್ಲಿಂಕರಿನಲ್ಲಿ ನಿಲ್ಲೋದಿಲ್ಲ, ಅನಿಲದ ಜೊತೆ ಹೊರಟುಬಿಡುತ್ತದೆ. ಥ್ಯಾಲಿಯಂ ಅನ್ನುವ ಲೋಹ ಕೂಡ ಅದೇ ಜಾತಿ. ಇವುಗಳನ್ನು ಚಿಮಣಿಯಲ್ಲಿ ಹಿಡಿಯುವ ಹೊತ್ತಿಗೆ ತಡ ಆಗಿರುತ್ತದೆ, ಗೇಟಿನಲ್ಲೇ ತಡೆಯಬೇಕು. ಕ್ರೋಮಿಯಂ ಕ್ಲಿಂಕರಿನಲ್ಲಿ ನಿಲ್ಲುತ್ತದೆ, ಆದರೆ ಅದರಲ್ಲಿ ಸ್ವಲ್ಪ ನೀರಿನಲ್ಲಿ ಕರಗುವ ರೂಪಕ್ಕೆ ತಿರುಗುತ್ತದೆ. ಸಿಮೆಂಟ್ ಕಲಸುವವರ ಕೈಗೆ ಬರುವ ತುರಿಕೆ, ಹುಣ್ಣಿಗೆ ಅದೊಂದು ಕಾರಣ. ಐರೋಪ್ಯ ಒಕ್ಕೂಟದಲ್ಲಿ 2005ರಿಂದ ಅದಕ್ಕೆ 10 ಲಕ್ಷಕ್ಕೆ 2 ಪಾಲು ಅನ್ನುವ ಮಿತಿ ಇದೆ.

ಎಲ್ಲಿ ಹಾಕುತ್ತೀರಿ ಅನ್ನೋದೂ ಅಷ್ಟೇ ಮುಖ್ಯ. ಕೆಲವರು ಕೇಳುತ್ತಾರೆ, 'ಸಾಲ್ವೆಂಟ್ ಹೀರಿದ ಮಣ್ಣನ್ನು ಸುಣ್ಣಕಲ್ಲಿನ ಪುಡಿಯ ಜೊತೆಗೇ ಬೆರೆಸಿಬಿಟ್ಟರೆ ಸುಲಭ ಅಲ್ವಾ?' ಸುಲಭವೇನೋ ಹೌದು. ಆದರೆ ಪುಡಿ ಮೊದಲು ತಲುಪೋದು ಗೋಪುರದ ತುದಿಗೆ. ಅಲ್ಲಿ 300-400 ಡಿಗ್ರಿ ಅಷ್ಟೇ. ಸಾಲ್ವೆಂಟ್ ಸುಡೋದಿಲ್ಲ, ಆವಿಯಾಗಿ ನೇರವಾಗಿ ಚಿಮಣಿ ಹತ್ತುತ್ತದೆ. ಕೆಳಗೆ 1450 ಡಿಗ್ರಿ ಇದ್ದೂ ಉಪಯೋಗ ಇಲ್ಲ. ಹಾಗಾಗಿ ಇಂಥದ್ದನ್ನು ಮುಖ್ಯ ಬರ್ನರಿಗೆ ಇಲ್ಲವೇ ಕ್ಯಾಲ್ಸಿನರಿಗೆ (ಕಿಲ್ನಿಗೆ ಮೊದಲು ಸುಣ್ಣಕಲ್ಲು ಒಡೆಯುವ ಉರಿಕೋಣೆಗೆ) ಮಾತ್ರ ಕೊಡೋದು. ಅದೂ ಕಿಲ್ನ್ ಹದಕ್ಕೆ ಬಂದ ಮೇಲೆ. ಶುರು ಮಾಡುವಾಗ, ನಿಲ್ಲಿಸುವಾಗ ಒಂದು ತೊಟ್ಟೂ ಇಲ್ಲ.

ಡಯಾಕ್ಸಿನ್ ಬಗ್ಗೆ ಕೇಳದೆ ಈ ವಿಷಯದ ಸಭೆ ಮುಗಿಯೋದಿಲ್ಲ, ನಾನೇ ಹೇಳಿಬಿಡುತ್ತೇನೆ. ಜ್ವಾಲೆಯಲ್ಲಿ ಅದು ಒಡೆದುಹೋಗುತ್ತದೆ. ತೊಂದರೆ ಇರೋದು ಹೊಗೆ ತಣ್ಣಗಾಗುವ ದಾರಿಯಲ್ಲಿ. 200ರಿಂದ 450 ಡಿಗ್ರಿಯ ನಡುವೆ, ಧೂಳಿನ ಮೇಲೆ, ಅದು ಮತ್ತೆ ಹುಟ್ಟಿಕೊಳ್ಳಬಹುದು. ಆದ್ದರಿಂದ ಹೊಗೆಯನ್ನು ಆ ಮಧ್ಯದಲ್ಲಿ ನಿಲ್ಲಗೊಡದೆ ಬೇಗ 200ಕ್ಕಿಂತ ಕೆಳಗೆ ಇಳಿಸಬೇಕು. ಐರೋಪ್ಯ ಮಿತಿ ಒಂದು ಘನ ಮೀಟರಿಗೆ 0.1 ನ್ಯಾನೋಗ್ರಾಂ. ಒಂದು ಗ್ರಾಮನ್ನು 100 ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಗ್ರಾಂ. ಅದರಲ್ಲಿ ಹತ್ತನೇ ಒಂದು.

ಚೆನ್ನಾಗಿ ಸುಡುತ್ತದೆ ಅಂತ ಬಾಯಲ್ಲಿ ಹೇಳಿದರೆ ಸಾಲದು, ಪರೀಕ್ಷಾ ದಹನ ಮಾಡಿ ತೋರಿಸಬೇಕು. ಸುಡೋಕೆ ಬಹಳ ಕಷ್ಟವಾದ ಒಂದು ರಾಸಾಯನಿಕವನ್ನು ಆರಿಸಿ, ಅಳೆದು ಒಳಗೆ ಹಾಕಿ, ಚಿಮಣಿಯಲ್ಲಿ ಎಷ್ಟು ಬಂತು ಅಂತ ಅಳೆಯುತ್ತಾರೆ. ಅಮೆರಿಕದ ನಿಯಮ ಕೇಳೋದು ಶೇ. 99.99 ನಾಶ. 10,000 ಗ್ರಾಂ ಹಾಕಿದರೆ ಒಂದು ಗ್ರಾಂ ತಪ್ಪಿಸಿಕೊಳ್ಳಬಹುದು. ಡಯಾಕ್ಸಿನ್ ಇರುವ ತ್ಯಾಜ್ಯಕ್ಕೆ ಶೇ. 99.9999, ಅಂದರೆ 10 ಲಕ್ಷಕ್ಕೆ ಒಂದು. ಇದರ ಜೊತೆಗೆ ತ್ಯಾಜ್ಯ ಹಾಕದೆ ಬರೀ ಕಲ್ಲಿದ್ದಲು ಉರಿಸಿದಾಗಿನ ಅಳತೆಯನ್ನೂ ಕೇಳಿ ಪಡೆಯಿರಿ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡದೆ ಚಿಮಣಿಯ ಲೆಕ್ಕ ಅರ್ಥ ಆಗೋದಿಲ್ಲ.

ಈಗ ನಾವು ಕೆಲಸ ಮಾಡುವ ಜಾಗಕ್ಕೆ ಬನ್ನಿ, ಮಿಶ್ರಣ ಮಾಡುವ ಘಟಕಕ್ಕೆ. ಕಿಲ್ನಿಗೆ ದಿನವೂ ಒಂದೇ ಶಾಖ, ಒಂದೇ ತೇವ, ಒಂದೇ ಕ್ಲೋರಿನ್ ಬೇಕು. ನಮಗೆ ಬರುವ ಹತ್ತು ಲಾರಿ ಹತ್ತು ಥರ. ಆ ಹತ್ತನ್ನು ಒಂದೇ ಥರ ಮಾಡೋದೇ ನಮ್ಮ ಹೊಟ್ಟೆಪಾಡು.

ಗಟ್ಟಿ ಮಿಶ್ರಣಕ್ಕೆ ದೊಡ್ಡ ಗುಂಡಿ ಇರುತ್ತದೆ. ಅಂಟು ಕೆಸರು, ಗಷ್ಟು, ಕತ್ತರಿಸಿದ ಪ್ಲಾಸ್ಟಿಕ್ ಎಲ್ಲಕ್ಕೂ ಮರದ ಹೊಟ್ಟು ಸೇರಿಸಿ ಕಲಸುತ್ತಾರೆ. ಹೊಟ್ಟು ದ್ರವವನ್ನು ಹೀರಿ ಉದುರುದುರು ಮಾಡುತ್ತದೆ, ತಾನೂ ಉರಿಯುತ್ತದೆ. ದ್ರವಗಳಿಗೆ ಬೇರೆ ಟ್ಯಾಂಕು, ಬಿಡದೆ ಕಲಕುವ ಯಂತ್ರ, ಮೇಲೆ ನೈಟ್ರೋಜನ್ ಹೊದಿಕೆ. ಟಾಲ್ಯೂಯಿನ್ನಿಗೆ 4 ಡಿಗ್ರಿಯಲ್ಲೇ ಬೆಂಕಿ ಹತ್ತುವಷ್ಟು ಆವಿ ಏಳುತ್ತದೆ. ಕಿಡಿಗೆ ಬೆಂಕಿಕಡ್ಡಿ ಬೇಕಿಲ್ಲ. ಪ್ಲಾಸ್ಟಿಕ್ ಬಕೆಟ್ಟಿನಿಂದ ಜೋರಾಗಿ ಸುರಿದರೆ ಹುಟ್ಟುವ ಸ್ಥಾಯಿ ವಿದ್ಯುತ್ ಸಾಕು. ಡ್ರಮ್ಮಿಗೆ ಅರ್ಥಿಂಗ್ ಕ್ಲಿಪ್ ಹಾಕದೆ ಮುಚ್ಚಳ ಮುಟ್ಟಿದವರನ್ನು ನಮ್ಮ ಸೂಪರ್‌ವೈಸರ್ ಅವತ್ತೆಲ್ಲ ಮಾತಾಡಿಸುತ್ತಿರಲಿಲ್ಲ.

ದೊಡ್ಡದಾಗಿ ಬೆರೆಸುವ ಮೊದಲು ಚಿಕ್ಕದಾಗಿ ಬೆರೆಸಿ ನೋಡಬೇಕು. ಬೀಕರಿನಲ್ಲಿ ಎರಡನ್ನೂ ಸ್ವಲ್ಪ ಸ್ವಲ್ಪ ಹಾಕಿ ಥರ್ಮಾಮೀಟರ್ ಇಟ್ಟು ಕಾಯೋದು. ಬಿಸಿ ಏರಿತಾ, ಗುಳ್ಳೆ ಬಂತಾ, ಗಟ್ಟಿಯಾಯಿತಾ, ವಾಸನೆ ಬದಲಾಯಿತಾ? ಒಂದು ಸಲ ಫೋಮ್ ತಯಾರಿಸುವ ಕಡೆಯಿಂದ ಐಸೋಸಯನೇಟ್ ಗಷ್ಟು ಬಂದಿತ್ತು. ಒದ್ದೆ ಕೆಸರಿನ ಜೊತೆ ಬೀಕರಿಗೆ ಹಾಕಿದೆವು. ಐದು ನಿಮಿಷ ಏನೂ ಇಲ್ಲ. ಆಮೇಲೆ ನಿಧಾನಕ್ಕೆ ಉಬ್ಬಿತು, ಅಂಚು ದಾಟಿತು, ಮೇಜಿನ ಮೇಲೆ ಅಣಬೆಯ ಹಾಗೆ ಕೂತಿತು. ನೀರು ತಾಗಿದರೆ ಅದು ಇಂಗಾಲದ ಡೈಆಕ್ಸೈಡ್ ಬಿಡುತ್ತಾ ಫೋಮ್ ಆಗುತ್ತದೆ. ಬೀಕರಿನಲ್ಲಿ ನಗು ಬಂತು. ಮುಚ್ಚಿದ ಡ್ರಮ್ಮಿನಲ್ಲಾಗಿದ್ದರೆ ಡ್ರಮ್ಮು ಒಡೆಯುತ್ತಿತ್ತು. ಸಯನೈಡ್ ಇರುವುದಕ್ಕೆ ಆಮ್ಲ ತಾಗಿದರೆ ಅಂತೂ ನಗೋದಕ್ಕೂ ಯಾರೂ ಉಳಿಯೋದಿಲ್ಲ.

ಎಲ್ಲ ಕಷ್ಟದ ಮಾಲೂ ಕೆಟ್ಟದ್ದಲ್ಲ ಅನ್ನೋದಕ್ಕೂ ಒಂದು ಉದಾಹರಣೆ. ಅಲ್ಯೂಮಿನಿಯಂ ತಯಾರಿಸುವ ಪಾತ್ರೆಗಳ ಒಳಪದರ ಕೆಲವು ವರ್ಷಕ್ಕೆ ಸವೆದು ತೆಗೆಯಬೇಕಾಗುತ್ತದೆ. ಅದರಲ್ಲಿ ಇಂಗಾಲ, ಫ್ಲೋರೈಡ್, ಸೋಡಿಯಂ, ಸಯನೈಡ್ ಎಲ್ಲ ಇದೆ. ಮಳೆಗೆ ನೆನೆದರೆ ಹೊತ್ತಿಕೊಳ್ಳುವ ಅನಿಲ ಬಿಡುತ್ತದೆ. ಹೂಳಿದರೆ ತಲೆನೋವು. ಕಿಲ್ನಿಗೆ ಹೋದರೆ ಇಂಗಾಲ ಉರಿಯುತ್ತದೆ, ಸಯನೈಡ್ ಒಡೆಯುತ್ತದೆ, ಫ್ಲೋರೈಡ್ ಕಲ್ಲು ಬೇಗ ಬೇಯುವ ಹಾಗೆ ಮಾಡುತ್ತದೆ. ವಿಷ ಅನ್ನಿಸಿಕೊಂಡದ್ದೇ ಅಲ್ಲಿ ಕೆಲಸಕ್ಕೆ ಬರುತ್ತದೆ! ಅಳತೆ ಮೀರಬಾರದು ಅಷ್ಟೇ. ಫ್ಲೋರೈಡ್ ಜಾಸ್ತಿಯಾದರೆ ಸಿಮೆಂಟ್ ಗಟ್ಟಿಯಾಗೋದು ತಡವಾಗುತ್ತದೆ.

ಪೈರೋಲಿಸಿಸ್, ಅಂದರೆ ಗಾಳಿ ಇಲ್ಲದೆ 400-600 ಡಿಗ್ರಿಗೆ ಕಾಯಿಸಿ ಎಣ್ಣೆ ತೆಗೆಯೋದು, ಅದರ ಬಗ್ಗೆ ಒಂದೇ ಮಾತು. ಟೈರಿನಂಥ ಒಂದೇ ಥರದ ಮಾಲಿಗೆ ಸರಿ. ಹತ್ತು ಲಾರಿಯ ಕಲಬೆರಕೆ ಹಾಕಿದರೆ ಒಳಗಿನ ಕ್ಲೋರಿನ್ ಎಣ್ಣೆಗೂ ಬರುತ್ತದೆ. ಆಗ ನಿಮ್ಮ ಕೈಯಲ್ಲಿರೋದು ಉರುವಲಲ್ಲ, ಇನ್ನೊಂದು ಡ್ರಮ್ ತ್ಯಾಜ್ಯ.

ನನಗೆ ಕೋಪ ಬರುವ ಜಾಗವೂ ಒಂದಿದೆ. ಶಾಖವೇ ಇಲ್ಲದ, ಮುಕ್ಕಾಲು ನೀರಿರುವ ಮಾಲನ್ನು ಒಳ್ಳೆಯ ಸಾಲ್ವೆಂಟಿಗೆ ಬೆರೆಸಿ, ಸರಾಸರಿ ಲೆಕ್ಕ ತೋರಿಸಿ, 'ಬದಲಿ ಇಂಧನ' ಅಂತ ಚೀಟಿ ಅಂಟಿಸುತ್ತಾರೆ. ಪಾದರಸ ಇರುವುದನ್ನು ಬೇರೆಯದರ ಜೊತೆ ತೆಳುಮಾಡಿ ಮಿತಿಯೊಳಗೆ ತರುತ್ತಾರೆ. ತೆಳುವಾದರೆ ಪಾದರಸ ಕಡಿಮೆ ಆಗುತ್ತದಾ? ಚಿಮಣಿಯಿಂದ ಹೋಗೋದು ಅಷ್ಟೇ ಗ್ರಾಂ, ನಿಧಾನಕ್ಕೆ ಹೋಗುತ್ತದೆ. ಮಿಶ್ರಣ ಮಾಡೋದು ಒಂದೇ ಸಮ ಬರಲಿ ಅಂತ, ಮುಚ್ಚಿಡೋಕಲ್ಲ. ಆದ್ದರಿಂದ ಬೆರೆಸುವ ಮೊದಲೇ ಪ್ರತಿ ಮಾಲನ್ನೂ ಬೇರೆ ಬೇರೆಯಾಗಿ ಪರೀಕ್ಷೆ ಮಾಡಬೇಕು. ಬೆರೆಸಿದ ಮೇಲಿನ ರಿಪೋರ್ಟ್ ಮಾತ್ರ ತೋರಿಸುವವರನ್ನು ನಾನು ನಂಬೋದಿಲ್ಲ.

ವಾತಾವರಣಕ್ಕೆ ಇದರಿಂದ ಲಾಭವಾ ಅಂತ ಕೇಳಿದರೆ, ಉಂಟು, ಆದರೆ ಮಿತಿಯಲ್ಲಿ. ಸಿಮೆಂಟಿನಿಂದ ಬರುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು 60 ಪಾಲು ಸುಣ್ಣಕಲ್ಲು ಒಡೆಯುವಾಗಲೇ ಬರುತ್ತದೆ. ಉರುವಲು ಬದಲಾಯಿಸಿದರೆ ಅದು ಬದಲಾಗೋದಿಲ್ಲ. ಸಾಲ್ವೆಂಟ್ ಗಷ್ಟು ಕೂಡ ಪೆಟ್ರೋಲಿಯಂನಿಂದಲೇ ಬಂದದ್ದು. ಲಾಭ ಇರೋದು ಎಲ್ಲಿ ಅಂದರೆ, ಆ ಗಷ್ಟನ್ನು ಬೇರೆ ಕಡೆ ಹೇಗೂ ಸುಡುತ್ತಿದ್ದರು, ಇಲ್ಲಿ ಕಲ್ಲಿದ್ದಲನ್ನೂ ಬೇರೆ ಸುಡುತ್ತಿದ್ದರು. ಎರಡು ಬೆಂಕಿ ಒಂದಾಯಿತು.

ಮೂರು ಪಟ್ಟಿಯ ಡ್ರಮ್ಮಿನ ಕತೆ ಅರ್ಧಕ್ಕೆ ಬಿಟ್ಟಿದ್ದೆ. ಆ ಕೊಳವೆ ನೋಡಿದ ಮರುವಾರ ನಮ್ಮ ಹಿರಿಯರು ನನ್ನನ್ನು ಆ ಕಾರ್ಖಾನೆಗೇ ಕರೆದುಕೊಂಡು ಹೋದರು. ನಾನು ಜಗಳಕ್ಕೆ ಸಿದ್ಧವಾಗಿ ಹೋಗಿದ್ದೆ. ಅವರು ಕಚೇರಿಗೆ ಹೋಗಲೇ ಇಲ್ಲ, ನೇರವಾಗಿ ತ್ಯಾಜ್ಯ ತುಂಬುವ ಶೆಡ್ಡಿಗೆ ಹೋದರು. ಅಲ್ಲಿ ಒಂದು ಫನಲ್, ಅದರ ಕೆಳಗೆ ಒಂದು ಡ್ರಮ್. ರಾತ್ರಿ ಪಾಳಿಯವನನ್ನು ಕೇಳಿದರು: 'ಏನಪ್ಪಾ, ಎರಡು ರಿಯಾಕ್ಟರ್ ತೊಳೆದದ್ದು ಎಲ್ಲಿಗೆ ಹಾಕ್ತೀಯ?' ಅವನು ಫನಲ್ ತೋರಿಸಿ ಹೇಳಿದ: 'ಸರ್, ಇದಕ್ಕೇ. ಇರೋದು ಇದೊಂದೇ ಅಲ್ವಾ?'

ತಪ್ಪು ಅವನದಾ? ಮೂರು ಡ್ರಮ್, ಮೂರು ಫನಲ್ ಇಟ್ಟರು. ಬೇರೆ ಬೇರೆ ಬಣ್ಣ ಬಳಿದರು. ಆರು ತಿಂಗಳಲ್ಲಿ ಆ ಕಾರ್ಖಾನೆಯವರಿಗೇ ಹೊಳೆಯಿತು, ಟಾಲ್ಯೂಯಿನ್ ಇಷ್ಟು ಶುದ್ಧವಾಗಿ ಸಿಗುತ್ತಿದ್ದರೆ ತಾವೇ ಬಟ್ಟಿ ಇಳಿಸಿ ಬಳಸಬಹುದು ಅಂತ. ಡೈಕ್ಲೋರೋಮೀಥೇನ್ ಕೂಡ ಹಾಗೇ ಮರುಬಳಕೆಗೆ ಹೋಯಿತು. ನೀರು ಅವರ ಶುದ್ಧೀಕರಣ ಘಟಕಕ್ಕೆ. ನಮಗೆ ಬರುತ್ತಿದ್ದ ಹತ್ತು ಡ್ರಮ್ಮಿನ ಜಾಗದಲ್ಲಿ ಒಂದು ಬರತೊಡಗಿತು. ನಮ್ಮ ಮಾರ್ಕೆಟಿಂಗ್‌ನವರು ತಲೆ ಮೇಲೆ ಕೈ ಹೊತ್ತುಕೊಂಡರು. ಹಿರಿಯರು ಮಾತ್ರ ಆ ಒಂದು ಡ್ರಮ್ಮಿನ ರಿಪೋರ್ಟನ್ನು ನನ್ನ ಮುಂದೆ ಇಟ್ಟು, 'ಈಗ ಹಾಕು ಸಹಿ' ಅಂದರು.

ಅದು ಬಟ್ಟಿಯ ತಳದ ಗಷ್ಟು. ಕಪ್ಪಗೆ, ಮೇಲಿನಿಂದ ತಳದವರೆಗೂ ಒಂದೇ ಥರ. ಅದರಲ್ಲಿ ಈ ಕೊಳವೆ ಇಳಿಯೋದೇ ಇಲ್ಲ. ಅದಕ್ಕೆ ಬೇರೆ ಕಬ್ಬಿಣದ ಸಲಾಕೆ ಇದೆ. ಅದನ್ನು ಇವತ್ತು ತಂದಿಲ್ಲ, ಎಷ್ಟು ತೊಳೆದರೂ ವಾಸನೆ ಹೋಗೋದಿಲ್ಲ. ಈ ಕೊಳವೆ ಹೊಸದು, ಕೈಯಿಂದ ಕೈಗೆ ದಾಟಿಸಿ ನೋಡಿ. ಒಡೆಯಬೇಡಿ.